ಬಾರ್‌ಕೋಡ್ ಸ್ಕ್ಯಾನರ್ ಕೂಡ ಒಂದು ಕೀಬೋರ್ಡೇ

ಸ್ಕ್ಯಾನರ್ ಬೀಪ್ ಅನ್ನುತ್ತದೆ, ಬಿಲ್ಲಿಂಗ್‌ನಲ್ಲಿ ಏನೂ ಬರುವುದಿಲ್ಲ, ಡ್ರೈವರ್ (ಸಾಧನವನ್ನು ಕಂಪ್ಯೂಟರ್ ಗುರುತಿಸಲು ಬೇಕಾದ ಸಾಫ್ಟ್‌ವೇರ್) ಹಾಕಬೇಕಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಬೇಡ ಸರ್. ಅಂಗಡಿಗಳಲ್ಲಿ ಬಳಸುವ ಯುಎಸ್‌ಬಿ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ಕಣ್ಣಿಗೆ ಕೀಬೋರ್ಡೇ, ಗೆರೆಗಳನ್ನು ಓದಿ ಆ ಅಂಕಿಗಳನ್ನು ನಿಮ್ಮ ಬದಲು ತಾವೇ ಟೈಪ್ ಮಾಡುತ್ತವೆ, ಅಷ್ಟೇ.

ಮೊದಲು ನೋಟ್‌ಪ್ಯಾಡ್ ತೆರೆದು ಒಂದು ಬಿಸ್ಕೆಟ್ ಪೊಟ್ಟಣ ಸ್ಕ್ಯಾನ್ ಮಾಡಿ. 890ರಿಂದ ಶುರುವಾಗುವ 13 ಅಂಕಿ ಬಂದು ಕರ್ಸರ್ ಕೆಳಗಿನ ಸಾಲಿಗೆ ಹೋದರೆ ಸ್ಕ್ಯಾನರ್ ಚೆನ್ನಾಗಿದೆ. ಅಂಕಿ ಬಂದು ಕರ್ಸರ್ ಅಲ್ಲೇ ನಿಂತರೆ, ಕೊನೆಗೆ ಸ್ಕ್ಯಾನರ್ ತಾನೇ ಎಂಟರ್ ಒತ್ತುವಂತೆ ಸೆಟ್ ಆಗಿಲ್ಲ. ಡಬ್ಬಿಯೊಳಗಿನ ಪುಟ್ಟ ಪುಸ್ತಕದಲ್ಲಿ ಅದಕ್ಕೂ ಒಂದು ಬಾರ್‌ಕೋಡ್ ಇರುತ್ತದೆ, ಅದನ್ನು ಒಂದು ಸಲ ಸ್ಕ್ಯಾನ್ ಮಾಡಿದರೆ ಸಾಕು. (890 ಅಂದರೆ ಭಾರತದಲ್ಲೇ ತಯಾರಾದದ್ದು ಅಂತಲ್ಲ, ಕಂಪನಿ ನಂಬರ್ ಪಡೆದದ್ದು ಇಲ್ಲಿ ಅಂತ.)

ನೋಟ್‌ಪ್ಯಾಡ್‌ನಲ್ಲಿ ಸರಿಯಾಗಿ ಬಂದರೆ ತಪ್ಪು ಸಾಮಾನ್ಯವಾಗಿ ಕರ್ಸರ್ ಇರುವ ಜಾಗದ್ದು. ನಮ್ಮಕ್ಕನ ಅಂಗಡಿಯಲ್ಲಿ ಅರ್ಧ ದಿನ ಒದ್ದಾಡಿದೆವು, ನೋಡಿದರೆ ಗಿರಾಕಿಯ ಹೆಸರಿನ ಜಾಗದಲ್ಲಿ ಅಂಕಿಗಳ ಸಾಲೇ ಸಾಲು! ಐಟಂ ಕೋಡ್ ಇರುವ ಕಡೆ ಕ್ಲಿಕ್ ಮಾಡಿ ಆಮೇಲೆ ಸ್ಕ್ಯಾನ್ ಮಾಡಿ. ಕನ್ನಡ ಕೀಬೋರ್ಡ್ ಆನ್ ಇದ್ದರೆ ಇಂಗ್ಲಿಷ್‌ಗೆ ಬದಲಾಯಿಸಿ, ಇಲ್ಲದಿದ್ದರೆ ಅಕ್ಷರ ಇರುವ ಕೋಡ್‌ಗಳು ಏನೇನೋ ಆಗಿ ಬರುತ್ತವೆ.

ಇನ್ನೊಂದು, ಸುಮ್ನೆ ಹೇಳ್ತೀನಿ. "ಸಿಪಿಯು ಹಿಂದೆ ಚುಚ್ಚಿದ್ದೇನೆ" ಅಂದಿರಲ್ವಾ, ಆ ಪೆಟ್ಟಿಗೆ ಕ್ಯಾಬಿನೆಟ್. ಸಿಪಿಯು ಒಳಗೆ ಮದರ್‌ಬೋರ್ಡ್ ಮೇಲೆ ಫ್ಯಾನ್ ಕೆಳಗೆ ಕೂತಿರುವ ಬಿಸ್ಕೆಟ್ ಗಾತ್ರದ ಚಿಪ್. ರಿಪೇರಿಯವರು "ಸಿಪಿಯು ಹೋಗಿದೆ" ಅಂದರೆ ಯಾವುದು ಅಂತ ಕೇಳಿಯೇ ದುಡ್ಡು ಕೊಡಿ.