ಈಜೊಂದೇ ದುರ್ಬಲವಾಗಿದ್ದರೆ ಪೂರ್ಣ ದೂರದ ಟ್ರಯಥ್ಲಾನ್‌ಗೆ ಹೆಸರು ಕೊಡಬಹುದೇ?

ಓಟ ಮತ್ತು ಸೈಕಲ್ ರೂಢಿಯಲ್ಲಿವೆ, ಈಜು ಮಾತ್ರ ಹೆದರಿಸುತ್ತಿದೆ, ಹಾಸನದಲ್ಲಿದ್ದುಕೊಂಡೇ ಮುಂದಿನ ವರ್ಷ, ಈ ಮೂರನ್ನೂ ಒಂದೇ ದಿನ ಒಂದರ ಹಿಂದೊಂದು ಮಾಡುವ ಟ್ರಯಥ್ಲಾನಿನ ಪೂರ್ಣ ದೂರಕ್ಕೆ ಹೆಸರು ಕೊಡಲೇ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಚಿಕ್ಕಮಗಳೂರಿನಲ್ಲಿ ಕುಳಿತು ನಾನು ಹಾಕಿದ ಲೆಕ್ಕವೂ ಇದೇ ಆಗಿತ್ತು.

ನಾನು ಹೆಸರು ಕೊಟ್ಟದ್ದು ಅರ್ಧ ದೂರಕ್ಕೆ: 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಸ್ಪರ್ಧೆ ಇದ್ದದ್ದು ಕರಾವಳಿಯಲ್ಲಿ. ಬಾಲ್ಯದಲ್ಲಿ ಕೆರೆಯಲ್ಲಿ ಕಲಿತ ನನ್ನ ಈಜು ತಲೆಯನ್ನು ನೀರಿನ ಮೇಲೆಯೇ ಇಟ್ಟುಕೊಳ್ಳುವ ಈಜಾಗಿದ್ದರಿಂದ, ಎಂಟು ತಿಂಗಳ ಕಾಲ ವಾರಕ್ಕೆ ನಾಲ್ಕು ಬೆಳಗು ಈಜುಕೊಳದಲ್ಲಿಯೇ ಕಳೆದೆ. ಉಳಿದ ಎರಡರ ಬಗ್ಗೆ ನನಗೆ ಜಂಬವಿತ್ತು. ಶನಿವಾರ ಬೇಲೂರಿನ ಮೇಲೆ ಹಾಸನಕ್ಕೆ ಹೋಗಿ ಬಂದರೆ 120 ಕಿಲೋಮೀಟರಿಗೂ ಹೆಚ್ಚಾಗುತ್ತಿತ್ತು. ಭಾನುವಾರ ಕೈಮರದಿಂದ ಮುಳ್ಳಯ್ಯನಗಿರಿಯ ಏರು. ಮಲೆನಾಡಿನ ತಂಪಿನಲ್ಲಿ ಈ ಇಡೀ ಶನಿವಾರಕ್ಕೆ ಎರಡು ಬಾಟಲಿ ನೀರು ಮತ್ತು ಬೇಲೂರಿನಲ್ಲಿ ಒಂದು ಎಳನೀರು ಸಾಕಾಗುತ್ತಿದ್ದವು.

ಸ್ಪರ್ಧೆಯ ದಿನ ಸಮುದ್ರದಿಂದ 58 ನಿಮಿಷಗಳಲ್ಲಿ ಎದ್ದು ಬಂದೆ. ಮಿತಿ 70 ನಿಮಿಷ. ಎಂಟು ತಿಂಗಳು ಹೆದರಿದ್ದ ಸಂಗತಿ ಅಲ್ಲಿಗೆ ಮುಗಿದುಹೋಯಿತು, ನಿಜವಾದ ತಪ್ಪು ಸೈಕಲ್ ಹತ್ತಿದ ಮೇಲೆ ಆರಂಭವಾಯಿತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈಗಲೂ ಇದನ್ನು ಕೇಳಿದವರು ‘ನೀರು ಸಾಲದೆ ಹಾಗಾಗಿರಬೇಕು’ ಎಂದೇ ಹೇಳುತ್ತಾರೆ.

ಸಾಲದೇ ಹೋದದ್ದಲ್ಲ, ಹೆಚ್ಚಾದದ್ದು. ಕರಾವಳಿಯ ಸೆಕೆಯ ಬಗ್ಗೆ ಎಲ್ಲರೂ ಹೆದರಿಸಿದ್ದರು. ಬಾಯಾರುವ ಮೊದಲೇ ಕುಡಿಯಬೇಕೆಂಬ ಮಾತು ತಲೆಯಲ್ಲಿ ಕುಳಿತಿತ್ತು. ಹಾಗಾಗಿ ನಾಲ್ಕು ಗಂಟೆಗೂ ಕಡಿಮೆ ಅವಧಿಯ ಸೈಕಲ್ ಸವಾರಿಯಲ್ಲಿ ಮುಕ್ಕಾಲು ಲೀಟರಿನ ಐದು ಬಾಟಲಿಗಳನ್ನು ಖಾಲಿ ಮಾಡಿದೆ, ಓಟದಲ್ಲಿ ನೀರಿನ ಮೇಜು ಸಿಕ್ಕಲ್ಲೆಲ್ಲ ಎರಡೆರಡು ಲೋಟ ಕುಡಿದೆ. ನಾನು ಅಷ್ಟೊಂದು ಬೆವರುವವನೇ ಅಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ಹತ್ತನೆಯ ಕಿಲೋಮೀಟರಿನ ಹೊತ್ತಿಗೆ ಕೈಗಡಿಯಾರದ ಪಟ್ಟಿ ಬಿಗಿಯತೊಡಗಿತು. ಉಂಗುರ ತಿರುಗಿಸಿದರೆ ತಿರುಗಲಿಲ್ಲ. ಹೊಟ್ಟೆ ತೊಳೆಸಿ, ತಲೆ ಸಿಡಿಯುವಾಗ, ಇದು ನೀರಿನ ಕೊರತೆಯೇ ಸರಿ ಎಂದುಕೊಂಡು ಇನ್ನೂ ಎರಡು ಲೋಟ ಕುಡಿದೆನಲ್ಲ, ಆ ಬುದ್ಧಿಗೆ ಏನೆನ್ನಬೇಕೋ ತಿಳಿಯದು. ಹದಿಮೂರನೆಯ ಕಿಲೋಮೀಟರಿನಲ್ಲಿ ಕುಳಿತೆ. ವೈದ್ಯರ ಡೇರೆಯಲ್ಲಿ ತೂಕ ನೋಡಿದರು: ಬೆಳಗ್ಗೆ 71.2 ಕಿಲೋ ಇದ್ದವನು 72.6 ಕಿಲೋ ಆಗಿದ್ದೆ. ಆರು ಗಂಟೆ ಬೆವರಿದ ಮನುಷ್ಯನ ತೂಕ ಏರುವುದೆಂದರೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ರಕ್ತದಲ್ಲಿ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕಾದ ಸೋಡಿಯಂ 128ಕ್ಕೆ ಇಳಿದಿತ್ತು. ದೀರ್ಘ ಶ್ರಮದ ವೇಳೆ ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮೂತ್ರಪಿಂಡಕ್ಕೆ ಸೂಚಿಸುವ ಹಾರ್ಮೋನು ಇಳಿಯದೇ ಉಳಿಯುವುದುಂಟು. ಆಗ ಕುಡಿದದ್ದು ಹೊರಹೋಗದೆ ರಕ್ತವನ್ನು ತೆಳುವಾಗಿಸುತ್ತದೆ, ಮಿದುಳು ಊದಿಕೊಂಡರೆ ಪ್ರಾಣಕ್ಕೇ ಕುತ್ತು. ನನಗೆ ನೀರು ಕೊಡದೆ, ಉಪ್ಪುಪ್ಪಾದ ಸಾರು ಕುಡಿಸಿ, ಮೂತ್ರ ಬರುವವರೆಗೆ ಅಲ್ಲಿಯೇ ಕೂರಿಸಿದರು. ಬೇಗ ಮುಗಿಸುವವರಿಗೆ ಕುಡಿಯಲು ಪುರುಸೊತ್ತೇ ಇರುವುದಿಲ್ಲ. ಗಂಟೆಗಟ್ಟಲೆ ರಸ್ತೆಯಲ್ಲಿ ಉಳಿಯುವ ನಮ್ಮಂಥ ನಿಧಾನದವರಿಗೇ ಈ ಅಪಾಯ ಹೆಚ್ಚು. ಉಪ್ಪಿನ ಮಾತ್ರೆ ನುಂಗಿದರೆ ಸಾಕೆನ್ನುವವರಿದ್ದಾರೆ. ಅತಿಯಾಗಿ ಕುಡಿಯುವುದನ್ನು ಬಿಡದೆ ಮಾತ್ರೆಯೊಂದೇ ಕಾಯುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪೂರ್ಣ ದೂರವೆಂದರೆ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಆ ಮೇಲೆ ಒಂದು ಇಡೀ ಮ್ಯಾರಥಾನ್. ಸಾಮಾನ್ಯವಾಗಿ 17 ಗಂಟೆಗಳ ಮಿತಿ. ಇದರಲ್ಲಿ ಈಜಿಗೆ ಹೆಚ್ಚೆಂದರೆ ಎರಡು ಗಂಟೆ ಇಪ್ಪತ್ತು ನಿಮಿಷ. ಒಳ್ಳೆಯ ತರಬೇತುದಾರರು ಸಿಕ್ಕರೆ ಒಂದು ವರ್ಷದಲ್ಲಿ ಈಜು ಬಂದೇ ಬರುತ್ತದೆ, ಅದನ್ನು ನಿರ್ಧಾರದ ತಕ್ಕಡಿಗೆ ಹಾಕಲೇಬೇಡಿ. ಉಳಿದ ಹದಿನಾಲ್ಕೂ ಚಿಲ್ಲರೆ ಗಂಟೆಗಳಲ್ಲಿ ನಿಮ್ಮ ದೇಹ ಎಷ್ಟು ಬೆವರುತ್ತದೆ, ಏನನ್ನು ತಿಂದರೆ ಹೊಟ್ಟೆಯಲ್ಲಿ ಉಳಿಸಿಕೊಳ್ಳುತ್ತದೆ ಎಂಬುದು ನಿಮಗೆ ಗೊತ್ತಿದೆಯೇ? ರೂಢಿಯಲ್ಲಿದೆ ಎಂದು ನೀವು ಬದಿಗಿಟ್ಟಿರುವ ಸೈಕಲ್ ಮತ್ತು ಓಟದಲ್ಲಿಯೇ ಇದು ಅಡಗಿದೆ.

ತಿಳಿಯುವುದು ಕಷ್ಟವಲ್ಲ. ಒಂದು ಗಂಟೆಯ ಸವಾರಿಗೆ ಮುಂಚೆ ಮತ್ತು ನಂತರ, ಮೈ ಒರೆಸಿಕೊಂಡು, ಬಟ್ಟೆಯಿಲ್ಲದೆ ತೂಕ ನೋಡಿ. ಕಡಿಮೆಯಾದ ತೂಕಕ್ಕೆ ನಡುವೆ ಕುಡಿದದ್ದನ್ನು ಕೂಡಿಸಿದರೆ ಆ ಗಂಟೆಯ ಬೆವರು ಎಷ್ಟೆಂದು ಹೆಚ್ಚು ಕಡಿಮೆ ತಿಳಿಯುತ್ತದೆ. ಹಾಸನದ ಡಿಸೆಂಬರಿನಲ್ಲಿ ಅಳೆದು ಸುಮ್ಮನಾಗಬೇಡಿ. ಚಾರ್ಮಾಡಿ ಇಳಿದು ಉಜಿರೆಯ ಏಪ್ರಿಲ್ ಸೆಕೆಯಲ್ಲೊಮ್ಮೆ ಅಳೆಯಿರಿ. ನನಗೆ ಮನೆಯಲ್ಲಿ ಅರ್ಧ ಲೀಟರಿಗೂ ಕಡಿಮೆ ಬಂದದ್ದು ಅಲ್ಲಿ 700 ಮಿಲಿಲೀಟರ್ ಬಂತು. ಅದು ದಾಟಬಾರದ ಗೆರೆ ಎಂದಿಟ್ಟುಕೊಂಡು, ಅದರೊಳಗೆ ಬಾಯಾರಿದಾಗ ಮಾತ್ರ ಕುಡಿಯುತ್ತೇನೆ.

ಮತ್ತೊಂದು ಮಾತು, ನಮ್ಮ ಕಡೆಯವರಿಗೆ ಮಾತ್ರ ಅನ್ವಯಿಸುವಂಥದ್ದು. ಅಕ್ಟೋಬರ್ ಇಲ್ಲವೇ ನವೆಂಬರಿನ ಸ್ಪರ್ಧೆಗೆ ಹೆಸರು ಕೊಟ್ಟರೆ, ಉದ್ದದ ಸವಾರಿಗಳಲ್ಲಿ ಹಲವು ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೇ ಬರುತ್ತವೆ. ಆ ಮಳೆಯಲ್ಲಿ ಸಕಲೇಶಪುರದ ಕಡೆ ಸೈಕಲ್ ತಿರುಗಿಸುವುದು ಮೂರ್ಖತನ. ನಾನು ಅರಸೀಕೆರೆಯ ಬಯಲಿನ ಕಡೆ ಹೋಗುತ್ತೇನೆ, ಅದೂ ಆಗದಿದ್ದರೆ ಮನೆಯೊಳಗೆ ಸ್ಟ್ಯಾಂಡಿಗೆ ಹಾಕಿದ ಸೈಕಲ್ ತುಳಿಯುತ್ತೇನೆ. ಆ ಗಿರಗಿರ ಸದ್ದನ್ನು ಐದು ಗಂಟೆ ಸಹಿಸುವವರು ಮನೆಯವರು, ನಾನಲ್ಲ. ಹೆಸರು ಕೊಡುವ ಮೊದಲು ಅವರನ್ನು ಕೇಳಿ.

ಮುಂದಿನ ವರ್ಷ ಅರ್ಧ ದೂರಕ್ಕೆ ಹೋಗಿ, ಪೂರ್ಣ ದೂರಕ್ಕಲ್ಲ. ಎರಡನೆಯ ಬಾರಿ ನಾನೂ ಅದನ್ನೇ ಓಡಿದೆ. ಕೊನೆಯ ಗೆರೆ ದಾಟಿ ತೂಕ ನೋಡಿಕೊಂಡಾಗ ಬೆಳಗಿಗಿಂತ ಒಂದು ಕಿಲೋ ಕಡಿಮೆ ಇದ್ದೆ, ಉಂಗುರ ಸಲೀಸಾಗಿ ತಿರುಗುತ್ತಿತ್ತು.