ಪುರಸಭೆಯ ಖರ್ಚು: ಕೊಡುವವರ ಮಾತು ನಡೆಯಲಿ

ವ್ಯಕ್ತಿಯ ಸ್ವಾತಂತ್ರ್ಯಕ್ಕೂ ದುಡಿದ ಹಣದ ಮೇಲೆ ಅವನಿಗಿರುವ ಹಕ್ಕಿಗೂ ಮೊದಲ ಸ್ಥಾನ ಕೊಡುವುದು ಲಿಬರ್ಟೇರಿಯನ್ ವಿಚಾರ. ಆ ನೆಲೆಯಲ್ಲಿ ನಿಂತು ಸ್ಥಳೀಯ ಸಂಸ್ಥೆಗಳ ಖರ್ಚನ್ನು ತಿದ್ದುವುದು ಹೇಗೆ ಎಂದು ಹಲವರು ಕೇಳಿದ್ದಾರೆ. ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಾನು ಮೊದಲ ಸಲ ಆಯ್ಕೆಯಾದ ಸದಸ್ಯೆ. ಬಜೆಟ್ ಪುಸ್ತಕ ಓದಿದಷ್ಟೂ ಗೊಂದಲವಾಗುತ್ತಿದೆ. ಬೇಡದ ಖರ್ಚು ಹುಡುಕಲು ಎಲ್ಲಿಂದ ಶುರು ಮಾಡಲಿ?

ಬಜೆಟ್ ಪುಸ್ತಕವನ್ನು ಸದ್ಯಕ್ಕೆ ಮುಚ್ಚಿಡಿ. ಅದರಲ್ಲಿರುವುದು ಅಂದಾಜು. ನಿಮಗೆ ಬೇಕಿರುವುದು ಖಜಾನೆಯಿಂದ ನಿಜವಾಗಿ ಹೊರಹೋದ ಹಣದ ಲೆಕ್ಕ. ಕಳೆದ 12 ತಿಂಗಳ ಪಾವತಿ ವಹಿಯನ್ನು ಸ್ಪ್ರೆಡ್‌ಶೀಟ್ ರೂಪದಲ್ಲಿ ಕೇಳಿ. ದಿನಾಂಕ, ಹಣ ಪಡೆದವರು, ಮೊತ್ತ, ಕೆಲಸದ ವಿವರ, ಮಂಜೂರು ಮಾಡಿದ ವಿಭಾಗ, ಈ ಐದು ಕಾಲಂ ಸಾಕು. ಇದು ದೊಡ್ಡ ಬೇಡಿಕೆಯೇನಲ್ಲ. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು 500 ಪೌಂಡ್ ಮೀರಿದ ಖರ್ಚನ್ನೆಲ್ಲ ಸಾರ್ವಜನಿಕವಾಗಿ ಪ್ರಕಟಿಸಲೇಬೇಕು.

ಪಟ್ಟಿ ಕೈಗೆ ಬಂದ ಮೇಲೆ ಮೊದಲು ಹಣ ಪಡೆದವರ ಹೆಸರಿನ ಪ್ರಕಾರ ಜೋಡಿಸಿ. ಒಬ್ಬರಿಗೇ ಟೆಂಡರ್ ಮಿತಿಗಿಂತ ಚೂರು ಕೆಳಗಿನ ಮೊತ್ತದ ಬಿಲ್ಲುಗಳು ಸಾಲಾಗಿ ಕಂಡರೆ, ಟೆಂಡರ್ ತಪ್ಪಿಸಲು ದೊಡ್ಡ ಕಾಮಗಾರಿಯನ್ನು ತುಂಡು ಮಾಡಿರುವ ಸಾಧ್ಯತೆ ಹೆಚ್ಚು. ಆಮೇಲೆ ತಿಂಗಳ ಪ್ರಕಾರ ಜೋಡಿಸಿ. ಹಣಕಾಸು ವರ್ಷದ ಕೊನೆಯ ತಿಂಗಳ ಖರ್ಚು ಉಳಿದ ತಿಂಗಳುಗಳ ಸರಾಸರಿಯ ಎರಡು ಮೂರು ಪಟ್ಟಾಗಿದ್ದರೆ, ಅನುದಾನ ವಾಪಸ್ ಹೋದೀತೆಂಬ ಭಯಕ್ಕೆ ಹಣ ಸುರಿದಿದ್ದಾರೆಯೇ ಎಂದು ಕೇಳಿ. ಅದಕ್ಕೆ ಬೈದು ಫಲವಿಲ್ಲ, ನಿಯಮ ಬದಲಿಸಬೇಕು. ಉಳಿಸಿದ ಹಣದಲ್ಲಿ ಅರ್ಧವನ್ನು ಅದೇ ವಿಭಾಗ ಮುಂದಿನ ವರ್ಷಕ್ಕೆ ಒಯ್ಯಲು ಬಿಟ್ಟು, ಇನ್ನರ್ಧವನ್ನು ತೆರಿಗೆ ಇಳಿಸಲು ತೆಗೆದಿಟ್ಟರೆ ಕೊನೆಯ ತಿಂಗಳ ಆತುರಕ್ಕೆ ಕಾರಣವೇ ಇರುವುದಿಲ್ಲ.

ಕೊನೆಗೆ ಪ್ರತಿ ಸಾಲಿನ ಎದುರು ಮೂರು ಪ್ರಶ್ನೆ ಹಾಕಿ. ಇದನ್ನು ಬಳಸುವವರು ಯಾರು? ಹಣ ಕೊಡುವವರು ಯಾರು? ಹಣ ಕೊಡದವರನ್ನು ಹೊರಗಿಡಲು ಆಗುತ್ತದೆಯೇ? ಬೀದಿದೀಪ, ಮಳೆನೀರು ಚರಂಡಿ, ಸೊಳ್ಳೆ ನಿಯಂತ್ರಣ ಇವುಗಳಿಂದ ಯಾರನ್ನೂ ಹೊರಗಿಡಲಾಗದು. ಅವು ತೆರಿಗೆಯಲ್ಲೇ ಉಳಿಯಲಿ. ವಾಹನ ನಿಲುಗಡೆ, ಸಭಾಭವನ, ನಕ್ಷೆ ಮಂಜೂರಾತಿ ಬಳಸುವವರ ಶುಲ್ಕದಿಂದಲೇ ನಡೆಯಬೇಕು. ಸಂಸ್ಥೆಯ ಸಾಧನೆ ಸಾರುವ ಜಾಹೀರಾತು, ಅಧ್ಯಯನ ಪ್ರವಾಸ, ಸನ್ಮಾನ ಸಮಾರಂಭಗಳಿಗೆ ಯಾರೂ ಸ್ವಂತ ಕಿಸೆಯಿಂದ ಕೊಡುವವರಲ್ಲ. ಅವನ್ನು ಕೈಬಿಡಿ.

ಪ್ರತಿ ಖರ್ಚನ್ನೂ ಸೊನ್ನೆಯಿಂದ ಸಮರ್ಥಿಸಬೇಕೆಂಬ ಶೂನ್ಯಾಧಾರಿತ ಬಜೆಟ್ ಪದ್ಧತಿಯನ್ನು ಪೀಟರ್ ಪೈರ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ರೂಪಿಸಿದರು. 1970ರ ದಶಕದ ಆರಂಭದಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಗವರ್ನರ್ ಆಗಿದ್ದಾಗ ಅದನ್ನು ಜಾರ್ಜಿಯಾ ರಾಜ್ಯದ ಆಡಳಿತಕ್ಕೆ ತಂದರು. ಎಲ್ಲ ಲೆಕ್ಕಶೀರ್ಷಿಕೆಗಳನ್ನೂ ಪ್ರತಿವರ್ಷ ಹೀಗೆ ಬಗೆಯಲು ಹೊರಟರೆ ಕಾಗದದ ರಾಶಿಯಲ್ಲೇ ಎಲ್ಲರೂ ಮುಳುಗುತ್ತಾರೆ. ವರ್ಷಕ್ಕೆ ಐದರಲ್ಲೊಂದು ಭಾಗ ತೆಗೆದುಕೊಳ್ಳಿ, ಐದು ವರ್ಷಕ್ಕೆ ಒಂದು ಸುತ್ತು ಮುಗಿಯುತ್ತದೆ.

ಪ್ರಶ್ನೆ: ನಮ್ಮ ಪಟ್ಟಣದಲ್ಲಿ ಕಸ ಸಂಗ್ರಹವನ್ನು ಖಾಸಗಿ ಗುತ್ತಿಗೆಗೆ ಕೊಟ್ಟರು. ಖರ್ಚು ಏರಿತು, ಕಸ ಬೀದಿಯಲ್ಲೇ ಉಳಿಯಿತು. ಖಾಸಗಿಯವರಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಿಮ್ಮ ವಾದ ಸುಳ್ಳಾಯಿತಲ್ಲವೇ?

ಹಾಗೊಂದು ವಾದ ನಮ್ಮದಲ್ಲ. ಸರ್ಕಾರಿ ಏಕಸ್ವಾಮ್ಯವನ್ನು ತೆಗೆದು ಖಾಸಗಿ ಏಕಸ್ವಾಮ್ಯ ಕೂರಿಸಿದರೆ ನಾಗರಿಕನಿಗೆ ಸಿಗುವ ಸ್ವಾತಂತ್ರ್ಯ ಸೊನ್ನೆ. ಷಿಕಾಗೋ ನಗರ 2008ರಲ್ಲಿ ತನ್ನ ಸುಮಾರು 36,000 ಪಾರ್ಕಿಂಗ್ ಮೀಟರುಗಳನ್ನು 75 ವರ್ಷಕ್ಕೆ ಒಂದೇ ಗುಂಪಿಗೆ ಸುಮಾರು 115 ಕೋಟಿ ಡಾಲರಿಗೆ ಕೊಟ್ಟುಬಿಟ್ಟಿತು. ನಗರಸಭೆಗೆ ಓದಿ ನೋಡಲು ಸಿಕ್ಕಿದ್ದು ಕೆಲವೇ ದಿನ. ಮರುವರ್ಷ ಆಡಳಿತದ ಮೇಲೆ ಕಣ್ಣಿಡುವ ಆ ನಗರದ ಅಧಿಕಾರಿ, ಇನ್‌ಸ್ಪೆಕ್ಟರ್ ಜನರಲ್, ಲೆಕ್ಕ ಹಾಕಿ, ಆ ಹಕ್ಕಿನ ಬೆಲೆ ಇನ್ನೂ ಸುಮಾರು 97 ಕೋಟಿ ಡಾಲರ್ ಹೆಚ್ಚಿತ್ತು ಎಂದರು. ರಿಪೇರಿಗೋ ಮೆರವಣಿಗೆಗೋ ರಸ್ತೆ ಮುಚ್ಚಿದರೆ ನಗರವೇ ಕಂಪನಿಗೆ ನಷ್ಟ ಕಟ್ಟಿಕೊಡಬೇಕೆಂಬ ಷರತ್ತೂ ಅದರಲ್ಲಿತ್ತು. ಇನ್ನೂ ಹುಟ್ಟದವರ ಕೈಯನ್ನೂ ಕಟ್ಟಿಹಾಕುವ ಇಂಥ ಒಪ್ಪಂದವನ್ನು ಸ್ವಾತಂತ್ರ್ಯವನ್ನು ನಂಬುವವರು ಒಪ್ಪಲಾಗದು.

ಅಮೆರಿಕದ್ದೇ ಆದ ಫೀನಿಕ್ಸ್ ನಗರದಲ್ಲಿ ನಡೆದದ್ದು ಬೇರೆ. 1979ರಿಂದ ಅಲ್ಲಿ ಕಸ ಸಂಗ್ರಹದ ಪ್ರದೇಶಗಳನ್ನು ಹರಾಜಿಗಿಟ್ಟರು, ನಗರದ ನೌಕರರೂ ಬಿಡ್ ಹಾಕಬಹುದಿತ್ತು. ಮೊದಲ ಸುತ್ತುಗಳಲ್ಲಿ ಸೋತ ನೌಕರರು ತಮ್ಮ ಕೆಲಸದ ರೀತಿ ಬದಲಿಸಿಕೊಂಡು 1980ರ ದಶಕದಲ್ಲಿ ಗೆದ್ದು ಬಂದರು. ಇಂಡಿಯಾನಾಪೊಲಿಸ್‌ನಲ್ಲಿ ಮೇಯರ್ ಸ್ಟೀಫನ್ ಗೋಲ್ಡ್‌ಸ್ಮಿತ್ 1990ರ ದಶಕದಲ್ಲಿ ರಸ್ತೆ ಗುಂಡಿ ಮುಚ್ಚುವ ಕೆಲಸಕ್ಕೂ ಇದನ್ನೇ ಮಾಡಿದರು. ಗುಂಡಿ ಮುಚ್ಚುವವರೇ ಲೆಕ್ಕ ಹಾಕಿ, ನಮ್ಮ ಮೇಲೆ ಮೇಲ್ವಿಚಾರಕರು ವಿಪರೀತ ಇದ್ದಾರೆ, ಆ ಹೊರೆ ಇಳಿಸಿದರೆ ಖಾಸಗಿಯವರಿಗಿಂತ ಅಗ್ಗವಾಗಿ ಮಾಡುತ್ತೇವೆ ಎಂದರು. ಖರ್ಚು ಸುಮಾರು ಕಾಲುಭಾಗ ಇಳಿಯಿತು. ಗುದ್ದಲಿ ಹಿಡಿದವರಿಗೆ ಕೆಲಸದ ಒಳಗುಟ್ಟು ಗೊತ್ತಿರುತ್ತದೆ. ಅದನ್ನು ಹೇಳಲು ಅವರಿಗೂ ಒಂದು ಕಾರಣ ಬೇಕಿತ್ತು.

ನಿಮ್ಮ ಪಟ್ಟಣದ ಗುತ್ತಿಗೆ ಪತ್ರ ತರಿಸಿ ಕೆಲವು ಕಡೆ ನೋಡಿ. ಮೊದಲನೆಯದು ಪಾವತಿಯ ಅಳತೆ. ಟನ್ ಲೆಕ್ಕದಲ್ಲಿ ಹಣ ಕೊಟ್ಟರೆ ಮಣ್ಣು, ಕಟ್ಟಡದ ಅವಶೇಷ, ನೀರು ಎಲ್ಲವೂ ಲಾರಿ ಸೇರಿ ತೂಕಸೇತುವೆ ಹತ್ತುತ್ತವೆ. ವಾಹನದ ಟ್ರಿಪ್ ಲೆಕ್ಕದಲ್ಲಿ ಕೊಟ್ಟರೆ ಅರ್ಧ ತುಂಬಿದ ಲಾರಿ ಓಡಾಡುತ್ತದೆ. ಕಸ ಎತ್ತಿದ ಮನೆಗಳ ಲೆಕ್ಕದಲ್ಲಿ ಕೊಟ್ಟು, ಬಿಟ್ಟುಹೋದ ಮನೆಗೆ ದರದ ಕೆಲವು ಪಟ್ಟು ಕಡಿತ ಮಾಡುವುದೇ ಹೆಚ್ಚು ಸರಿ. ಅದನ್ನು ಪರೀಕ್ಷಿಸಲು ವಾರಕ್ಕೆ 100 ಮನೆಗಳನ್ನು ಚೀಟಿ ಎತ್ತಿ ಆರಿಸಿ, ಗುತ್ತಿಗೆದಾರರಿಗೆ ತಿಳಿಸದೆ ಕೇಳಿದರೆ ಸಾಕು.

ಎರಡನೆಯದು ಅವಧಿ. ಕಸದ ಲಾರಿ ಹೆಚ್ಚು ಕಡಿಮೆ 7–8 ವರ್ಷ ಬಾಳುತ್ತದೆ. ಎರಡೇ ವರ್ಷದ ಗುತ್ತಿಗೆಯಾದರೆ ಬಿಡ್ ಹಾಕುವವರು ಲಾರಿಯ ಪೂರ್ತಿ ಬೆಲೆಯನ್ನು ಆ ಎರಡು ವರ್ಷಕ್ಕೇ ಹೇರುತ್ತಾರೆ. 20 ವರ್ಷವಾದರೆ ಸ್ಪರ್ಧೆ ಸತ್ತುಹೋಗುತ್ತದೆ. ಲಾರಿಯ ಆಯುಸ್ಸಿಗೆ ಗುತ್ತಿಗೆಯ ಅವಧಿಯನ್ನು ಹೊಂದಿಸಿ. ಊರನ್ನು ನಾಲ್ಕೈದು ಭಾಗ ಮಾಡಿ, ಬೇರೆ ಬೇರೆ ವರ್ಷ ಮುಗಿಯುವಂತೆ ಟೆಂಡರ್ ಕರೆಯಿರಿ, ಯಾರಿಗೂ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಒಬ್ಬರು ಕೈಕೊಟ್ಟರೆ ಪಕ್ಕದ ಭಾಗದವರು ಮರುದಿನವೇ ಲಾರಿ ಕಳಿಸಬಲ್ಲರು. ಲಾರಿ ನಿಲ್ಲಿಸುವ ಡಿಪೊ, ಕಸ ಸುರಿಯುವ ಜಾಗ ಇವೆರಡೂ ಸಂಸ್ಥೆಯ ಹೆಸರಿನಲ್ಲೇ ಇರಬೇಕು. ಅವು ಗುತ್ತಿಗೆದಾರರ ಸ್ವತ್ತಾದರೆ ಮುಂದಿನ ಟೆಂಡರಿಗೆ ಬೇರೆ ಯಾರೂ ಬರುವುದಿಲ್ಲ.

ಲೆಕ್ಕದಲ್ಲಿ ಆಗುವ ದೊಡ್ಡ ತಪ್ಪೊಂದಿದೆ. ಸಂಸ್ಥೆಯ ಸ್ವಂತ ಖರ್ಚು ಮನೆಯೊಂದಕ್ಕೆ 100 ಎಂದಿಟ್ಟುಕೊಳ್ಳಿ, ಗುತ್ತಿಗೆ ದರ 90. ಹತ್ತು ಉಳಿಯಿತು ಎನ್ನುತ್ತಾರೆ. ಆದರೆ ಆ 100ರಲ್ಲಿ 15 ಮುಖ್ಯ ಕಚೇರಿಯ ಬಾಡಿಗೆ, ಲೆಕ್ಕಪತ್ರ ವಿಭಾಗದ ಸಂಬಳದ ಪಾಲು. ಗುತ್ತಿಗೆಗೆ ಕೊಟ್ಟರೂ ಅದು ತಪ್ಪುವುದಿಲ್ಲ. ನಿಜವಾಗಿ ತಪ್ಪುವುದು 85, ಗುತ್ತಿಗೆ ದರ 90ರ ಮೇಲೆ ಅದರ ಉಸ್ತುವಾರಿಗೆ ಇನ್ನೊಂದು 4 ಬೇಕು. ಅಂದರೆ 85 ಉಳಿಸಲು 94 ಕೊಟ್ಟಂತಾಯಿತು. ಹೋಲಿಸುವಾಗ ತಪ್ಪುವ ಖರ್ಚನ್ನಷ್ಟೇ ಹಿಡಿಯಿರಿ.

ಜಾರ್ಜಿಯಾದ ಸ್ಯಾಂಡಿ ಸ್ಪ್ರಿಂಗ್ಸ್ 2005ರಲ್ಲಿ ನಗರವಾದಾಗ ಪೊಲೀಸ್ ಮತ್ತು ಅಗ್ನಿಶಾಮಕ ಬಿಟ್ಟು ಬಹುಪಾಲು ಸೇವೆಗಳನ್ನು ಒಂದೇ ಕಂಪನಿಗೆ ಕೊಟ್ಟಿತ್ತು. ಆಮೇಲೆ ಅದನ್ನು ಒಡೆದು ಹಲವರಿಗೆ ಹಂಚಿತು. 2019ರಲ್ಲಿ ಸ್ವಂತ ನೌಕರರೇ ಅಗ್ಗವೆಂದು ಬಹುತೇಕ ಕೆಲಸಗಳನ್ನು ವಾಪಸ್ ತೆಗೆದುಕೊಂಡಿತು. ಇದನ್ನು ನಮ್ಮ ವಿಚಾರದ ಸೋಲು ಎನ್ನುವವರಿದ್ದಾರೆ. ನಾವು ಹಾಗೆ ನೋಡುವುದಿಲ್ಲ. ಎರಡು ಸಲ ದಾರಿ ಬದಲಿಸಲು ಆ ಊರಿಗೆ ಸಾಧ್ಯವಾಯಿತು, ಷಿಕಾಗೋಗೆ ಆ ಬಾಗಿಲು 75 ವರ್ಷ ಮುಚ್ಚಿದೆ.

ಪ್ರಶ್ನೆ: ಎಲ್ಲದಕ್ಕೂ ಬಳಕೆದಾರರ ಶುಲ್ಕ ಹಾಕಿದರೆ ಬಡವರ ಗತಿ ಏನು?

ಬಡವರಿಗೆ ಸಹಾಯ ಬೇಕಾದರೆ ಅವರ ಕೈಗೇ ಕೊಡಿ, ಸೇವೆಯ ಬೆಲೆಯಲ್ಲಿ ಅಡಗಿಸಬೇಡಿ. ನೀರಿನ ದರವನ್ನು ಎಲ್ಲರಿಗೂ ಅರ್ಧಕ್ಕಿಳಿಸಿದರೆ, ದೊಡ್ಡ ತೋಟ ಇಟ್ಟುಕೊಂಡು ಹತ್ತು ಪಟ್ಟು ನೀರು ಬಳಸುವ ಮನೆಗೆ ಹತ್ತು ಪಟ್ಟು ಸಹಾಯಧನ ಸಿಗುತ್ತದೆ. ನಲ್ಲಿಯೇ ಇಲ್ಲದ ಮನೆಗೆ ಏನೂ ಇಲ್ಲ. ಪೂರ್ತಿ ದರ ಇಟ್ಟು, ಅರ್ಹ ಮನೆಗಳಿಗೆ ಬಿಲ್ಲಿನಲ್ಲಿ ನಿಗದಿತ ಮೊತ್ತ ಕಳೆಯುವುದು ನ್ಯಾಯ, ಖರ್ಚೂ ಕಡಿಮೆ.

ಶುಲ್ಕಕ್ಕೂ ಒಂದು ಕಟ್ಟು ಬೇಕು, ಅದು ಸೇವೆಯ ವೆಚ್ಚವನ್ನು ಮೀರಬಾರದು. ಮೀರಿದರೆ ಅದು ಬೇರೆ ಹೆಸರಿನ ತೆರಿಗೆ. ಕಸಕ್ಕೆ ಚೀಲದ ಲೆಕ್ಕದಲ್ಲಿ ಮಾತ್ರ ಶುಲ್ಕ ಹಾಕಿದರೆ ಜನ ಒಂದೇ ಚೀಲಕ್ಕೆ ತುಳಿದು ತುಂಬುತ್ತಾರೆ, ಕೆಲವರು ರಾತ್ರಿ ಖಾಲಿ ನಿವೇಶನದಲ್ಲಿ ಎಸೆಯುತ್ತಾರೆ. ಲಾರಿ ಮನೆಮುಂದೆ ಬರುವ ಖರ್ಚಿಗೆ ಸ್ಥಿರ ಶುಲ್ಕ, ಕಸದ ಪ್ರಮಾಣಕ್ಕೆ ಸಣ್ಣದೊಂದು ಹೆಚ್ಚುವರಿ, ಎರಡನ್ನೂ ಸೇರಿಸಿದರೆ ಈ ಚಾಳಿ ತಗ್ಗುತ್ತದೆ.

ಪ್ರಶ್ನೆ: ತೆರಿಗೆಗೆ ಕಾನೂನಿನಲ್ಲೇ ಮಿತಿ ಹಾಕಿಬಿಟ್ಟರೆ ಖರ್ಚು ತಾನಾಗಿ ಇಳಿಯುವುದಿಲ್ಲವೇ?

ಮಿತಿ ಬೇಕು, ಆದರೆ ಅದೊಂದೇ ಸಾಲದು. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ನಿಯಮ ಆಸ್ತಿ ತೆರಿಗೆಯನ್ನು ಮೌಲ್ಯದ ಶೇ. 1ಕ್ಕೆ ಕಟ್ಟಿಹಾಕಿತು. ಮಾರಾಟವಾಗುವವರೆಗೆ ಆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಇದರಿಂದ ಮನೆಯವರಿಗೆ ನೆಮ್ಮದಿ ಸಿಕ್ಕಿತು, ನಿಜ. ಆದರೆ ಅಕ್ಕಪಕ್ಕದ ಒಂದೇ ಬಗೆಯ ಮನೆಗಳಿಗೆ ತೀರಾ ಬೇರೆ ಬೇರೆ ತೆರಿಗೆ ಬಂತು, ಹಣ ಹಂಚುವ ಅಧಿಕಾರ ಊರಿನಿಂದ ರಾಜಧಾನಿಗೆ ಹೋಯಿತು. ಊರಿನವರ ಹಿಡಿತ ತಪ್ಪಿದ ಹಣವನ್ನು ನಾವು ಗೆಲುವೆಂದು ಎಣಿಸುವುದಿಲ್ಲ.

ಅಮೆರಿಕದ ಕೊಲರಾಡೋ ರಾಜ್ಯದ 1992ರ ಸಂವಿಧಾನ ತಿದ್ದುಪಡಿ ನಮಗೆ ಹೆಚ್ಚು ಹಿಡಿಸುತ್ತದೆ. ತೆರಿಗೆ ಏರಿಸಲು ಮತದಾರರನ್ನೇ ಕೇಳಬೇಕು, ಮಿತಿ ಮೀರಿ ಬಂದ ಹಣವನ್ನು ವಾಪಸ್ ಕೊಡಬೇಕು, ಇಲ್ಲವೇ ಇಟ್ಟುಕೊಳ್ಳಲು ಅನುಮತಿ ಬೇಡಬೇಕು. ಇಂಗ್ಲೆಂಡಿನಲ್ಲೂ 2011ರ ಸ್ಥಳೀಯತಾ ಕಾಯ್ದೆಯ ಪ್ರಕಾರ ನಿಗದಿ ಮೀರಿದ ಏರಿಕೆಗೆ ಜನಮತ ಬೇಕು. 2015ರಲ್ಲಿ ಬೆಡ್‌ಫರ್ಡ್‌ಶೈರ್‌ನಲ್ಲಿ ಪೊಲೀಸ್ ವೆಚ್ಚಕ್ಕೆಂದು ಕೇಳಿದ ಏರಿಕೆಯನ್ನು ಮತದಾರರು ತಿರಸ್ಕರಿಸಿದರು.

ಮಿತಿ ಬಿದ್ದಾಗ ಮೊದಲು ಕತ್ತರಿ ಬೀಳುವುದು ನಿರ್ವಹಣೆಗೆ, ಏಕೆಂದರೆ ಅದರ ನೋವು ಈ ವರ್ಷ ಕಾಣುವುದಿಲ್ಲ. ಡಾಂಬರು ರಸ್ತೆಯಲ್ಲಿ ಎಳೆಯಷ್ಟು ಬಿರುಕು ಕಂಡಾಗ ಕಸ ಊದಿ ತೆಗೆದು ಬಿಸಿ ಬಿಟುಮೆನ್ ತುಂಬಿದರೆ ಕೆಲಸ ಮುಗಿಯಿತು. ಬಿಟ್ಟರೆ ನೀರು ಇಳಿಯುತ್ತದೆ, ಕೆಳಗಿನ ಜಲ್ಲಿ ಪದರ ಸಡಿಲವಾಗುತ್ತದೆ, ಮೇಲ್ಮೈ ಮೊಸಳೆ ಚರ್ಮದಂತೆ ಚೌಕ ಚೌಕವಾಗಿ ಒಡೆಯುತ್ತದೆ. ಆಮೇಲೆ ಎಷ್ಟು ಪದರ ಡಾಂಬರು ಹಾಕಿದರೂ ನಿಲ್ಲದು, ಬುಡದಿಂದ ಅಗೆಯಬೇಕು. ಆದ್ದರಿಂದ ರಸ್ತೆ, ಕೊಳವೆ, ಕಟ್ಟಡಗಳ ವಾರ್ಷಿಕ ಸವಕಳಿ ಮೊತ್ತವನ್ನು ಬಜೆಟ್ಟಿನ ಮೊದಲ ಸಾಲಿನಲ್ಲಿ ತೆಗೆದಿಟ್ಟು, ಉಳಿದದ್ದಕ್ಕೆ ಮಾತ್ರ ಮಿತಿಯ ಜಗಳ ಆಡಿ. ಹೊಸ ಉದ್ಯಾನಕ್ಕೋ ಭವನಕ್ಕೋ ಮಂಜೂರಾತಿ ಕೇಳಿದಾಗ ಮುಂದಿನ 30 ವರ್ಷದ ನಿರ್ವಹಣಾ ಖರ್ಚನ್ನೂ ಅದೇ ಪುಟದಲ್ಲಿ ಬರೆಸಿ. ಅದನ್ನು ನೋಡಿದ ಮೇಲೆ ಅನೇಕ ಶಂಕುಸ್ಥಾಪನೆಗಳು ನಡೆಯುವುದೇ ಇಲ್ಲ.

ಪ್ರಶ್ನೆ: ಖರ್ಚು ಕಡಿಮೆಯಾಗಬೇಕೆಂದು ಸಭೆಯಲ್ಲಿ ಎಲ್ಲರೂ ಹೇಳುತ್ತಾರೆ. ಒಂದೊಂದು ಬಾಬತ್ತು ಮತಕ್ಕೆ ಬಂದಾಗ ಯಾರೂ ಕೈ ಎತ್ತುವುದಿಲ್ಲ. ಏನು ಮಾಡುವುದು?

ಒಂದು ಸಂಘಕ್ಕೆ ಹೋಗುವ ಅನುದಾನ ನಿಂತರೆ ಸಂಘದ ಐವತ್ತು ಜನ ಗ್ಯಾಲರಿ ತುಂಬುತ್ತಾರೆ. ಅದರಿಂದ ಉಳಿಯುವ ಪುಡಿಗಾಸಿಗಾಗಿ ಉಳಿದ ಸಾವಿರಾರು ಮಂದಿ ಮನೆಬಿಟ್ಟು ಬರುವುದಿಲ್ಲ. ಹೀಗಾಗಿ ಬಾಬತ್ತು ಬಾಬತ್ತಾಗಿ ಮತ ಕೇಳಬೇಡಿ. ಎಲ್ಲ ಅನುದಾನಗಳನ್ನೂ ಒಂದೇ ಠರಾವಿನಲ್ಲಿ ತಂದು, ಪ್ರತಿಯೊಂದೂ ಮೂರು ವರ್ಷಕ್ಕೆ ತಾನಾಗಿ ಮುಗಿಯುತ್ತದೆ, ಮುಂದುವರಿಯಬೇಕಾದರೆ ಹೊಸದಾಗಿ ಅರ್ಜಿ ಹಾಕಬೇಕು ಎಂದು ಬರೆಸಿ. ಆಗ ರದ್ದು ಮಾಡಿದವರು ಯಾರೆಂಬ ಪ್ರಶ್ನೆಯೇ ಏಳದು, ಯಾಕೆ ಬೇಕೆಂದು ಹೇಳುವ ಹೊಣೆ ಕೇಳುವವರ ಮೇಲೆ ಬೀಳುತ್ತದೆ.

ಅದೇ ಠರಾವಿನಲ್ಲಿ ಇನ್ನೊಂದು ಸಾಲು ಸೇರಿಸಿ: ಹೀಗೆ ಉಳಿದ ಹಣ ಬೇರೆ ಶೀರ್ಷಿಕೆಗೆ ಹೋಗುವಂತಿಲ್ಲ, ಮುಂದಿನ ತೆರಿಗೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಕಳೆಯಬೇಕು. ಬಿಲ್ಲು ಅಚ್ಚಾಗುವ ಮುನ್ನ ಆ ಸಾಲು ಇದೆಯೇ ಎಂದು ಸಾಫ್ಟ್‌ವೇರ್ ನಡೆಸುವ ಗುಮಾಸ್ತರ ಬಳಿ ನೀವೇ ಹೋಗಿ ನೋಡಿ. ಠರಾವು ಪಾಸಾಗಿ, ಬಿಲ್ಲಿನ ನಮೂನೆಯಲ್ಲಿ ಜಾಗವಿಲ್ಲವೆಂಬ ಕಾರಣಕ್ಕೆ ಹಣ ಸಾಮಾನ್ಯ ನಿಧಿಗೆ ಸೇರಿಬಿಡುವ ಅಪಾಯವಿದೆ.