ದೊಡ್ಡಾಟ ತೆಗೆಯೋಕೆ ಅಮೆರಿಕದಿಂದ ಕ್ಯಾಮೆರಾ ತರಿಸಬೇಡಿ ಅಣ್ಣಾರೇ

ಅಣ್ಣಾರೇ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಬಾಮೈದ ಮುಂದಿನ ತಿಂಗಳು ಡಲ್ಲಾಸ್‌ನಿಂದ ಸಿಂಧನೂರಿಗೆ ಬರುತ್ತಿದ್ದಾರೆ, ಅವರ ಕೈಲಿ ಹ್ಯಾಂಡಿಕ್ಯಾಮ್ ತರಿಸುತ್ತೇನೆ, ಅಲ್ಲಿ ಅಗ್ಗ, ಮೇಲಾಗಿ ಅದು ಸೆಕೆಂಡಿಗೆ 60 ಫ್ರೇಮ್ (ಚಿತ್ರ) ತೆಗೆಯುತ್ತೆ, ಇಲ್ಲಿಯದು ಬರೀ 50 ಅಂತ ಬರೆದಿದ್ದೀರಿ. ಊರಿನ ದೊಡ್ಡಾಟ ಪೂರ್ತಿ ತೆಗೆಯಬೇಕು, ಆಮೇಲೆ ಮಗಳ ಮದುವೆಗೂ ಆಗುತ್ತೆ ಅಂದಿದ್ದೀರಿ. ಕೆಳಗೆ ನಾಲ್ಕೈದು ಜನ "ಸೂಪರ್, ತರಿಸಿಬಿಡಿ" ಅಂದಿದ್ದಾರೆ. ದೀಪದ ಮಾತು ಒಬ್ಬರೂ ಎತ್ತಿಲ್ಲ. ದಯವಿಟ್ಟು ತರಿಸಬೇಡಿ. ಇದೇ ಕೆಲಸ ನಾನು 2010ರಲ್ಲಿ ಮಾಡಿದ್ದೇನೆ.

ನಮ್ಮದು ಸಿರುಗುಪ್ಪ ಕಡೆಯ ಹಳ್ಳಿ. ಚಿಕ್ಕಮ್ಮನ ಮಗ ಅಮೆರಿಕದಿಂದ ಎಚ್‌ಡಿ ಹ್ಯಾಂಡಿಕ್ಯಾಮ್ ತಂದುಕೊಟ್ಟ. ಆಗ ನಾನು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿಯ ಚಾರ್ಜರ್ ನಮ್ಮ ಕರೆಂಟಿಗೆ ನಡೆಯುತ್ತಾ ಅಂತ. ಚಾರ್ಜರ್ ತೊಂದರೆಯೇ ಅಲ್ಲ. ಅದರ ಮೇಲೆ 100-240 ವೋಲ್ಟ್ ಅಂತ ಬರೆದಿರುತ್ತೆ, ಒಂದು ಪಿನ್ ಅಡಾಪ್ಟರ್ ಸಾಕು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು.

ಆ ವರ್ಷ ಜಾತ್ರೆಗೆ ನಮ್ಮೂರಲ್ಲಿ ದೊಡ್ಡಾಟ. ನಮ್ಮ ದೊಡ್ಡಪ್ಪ ದುರ್ಯೋಧನ. ಮೂವತ್ತು ವರ್ಷದಿಂದ ಅದೇ ಪಾತ್ರ ಮಾಡುತ್ತಿದ್ದರು. ಅಟ್ಟದ ಮೇಲೆ, ಅಂದರೆ ಆಟದ ವೇದಿಕೆ ಮೇಲೆ, ಎಂಟು ಟ್ಯೂಬ್‌ಲೈಟ್, ಎರಡು ಹ್ಯಾಲೋಜನ್. ರಾತ್ರಿ ಹತ್ತಕ್ಕೆ ಶುರು, ಬೆಳಗಿನ ಆರಕ್ಕೆ ಮಂಗಳ. ಒಂದು ನಿಮಿಷ ಬಿಡದೆ ತೆಗೆದೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಬೆಳಕು ಸ್ವಲ್ಪ ನಡುಗಿದ ಹಾಗೆ ಕಾಣುತ್ತಿತ್ತು. ವೋಲ್ಟೇಜ್ ಏರುಪೇರು ಇರಬೇಕು ಅಂದುಕೊಂಡೆ. ಮರುದಿನ ಮಧ್ಯಾಹ್ನ ಟಿವಿಗೆ ಹಾಕಿದರೆ ಇಡೀ ಅಟ್ಟ ಪಟಪಟ ಮಿಟುಕುತ್ತಿದೆ. ದೊಡ್ಡಪ್ಪನ ಮುಖದ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿವೆ. ಹತ್ತು ನಿಮಿಷ ನೋಡುವಷ್ಟರಲ್ಲಿ ಅತ್ತಿಗೆಗೆ ತಲೆನೋವು ಬಂತು. ಹ್ಯಾಲೋಜನ್ ಹತ್ತಿರ ಬಂದು ನಿಂತ ಪಾತ್ರ ಮಾತ್ರ ಸರಿಯಾಗಿ ಕಾಣುತ್ತಿತ್ತು, ಹಿಂದೆ ಸರಿದರೆ ಮತ್ತೆ ಅದೇ ಮಿಟುಕು. ಮುಂದಿನ ವರ್ಷ ದೊಡ್ಡಪ್ಪ ಮೊಣಕಾಲು ನೋವಿಂದ ಬಣ್ಣ ಹಚ್ಚುವುದು ಬಿಟ್ಟರು. ಅವರ ದುರ್ಯೋಧನ ನಮ್ಮ ಮನೆಯಲ್ಲಿ ಇರುವುದು ಆ ಮಿಟುಕುವ ಫೈಲಿನಲ್ಲೇ.

ಯಾಕೆ ಹೀಗಾಗುತ್ತೆ ಅಂತ ತಿಳಿದುಕೊಳ್ಳಿ, ಇದು ಬ್ರ್ಯಾಂಡ್‌ನ ತಪ್ಪಲ್ಲ. ನಮ್ಮ ಕರೆಂಟ್ 50 ಹರ್ಟ್ಸ್. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಹೆಚ್ಚು-ಕಡಿಮೆ ಆಗುತ್ತೆ, ನಮ್ಮ ಕಣ್ಣಿಗೆ ಅದು ಗೊತ್ತಾಗಲ್ಲ. ಕ್ಯಾಮೆರಾ 50 ಫ್ರೇಮ್ ತೆಗೆದರೆ ಒಂದೊಂದು ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಗುತ್ತೆ, ಎಲ್ಲ ಫ್ರೇಮೂ ಒಂದೇ ಬೆಳಕು. 60 ಫ್ರೇಮ್ ತೆಗೆದರೆ ಮೂರು ಫ್ರೇಮಿಗೆ ಐದು ಮಿನುಗು. ಐದನ್ನು ಮೂರಕ್ಕೆ ಸಮ ಹಂಚೋಕೆ ಆಗಲ್ಲ ಅಲ್ವಾ? ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಅದೇ ಮಿಟುಕು. ಅಮೆರಿಕದ ಕರೆಂಟ್ 60 ಹರ್ಟ್ಸ್, ಹಾಗಾಗಿ ಅವರಿಗೆ 60 ಸರಿ. ನಮ್ಮಲ್ಲಿ 1982ರಲ್ಲಿ ಬಣ್ಣದ ಟಿವಿ ಬಂದಾಗ ಪಾಲ್ ಪದ್ಧತಿ ತೆಗೆದುಕೊಂಡರು, ಅದು 50ರ ಲೆಕ್ಕ. ಈಗಿನ ಟಿವಿಗಳು ಎರಡೂ ಪದ್ಧತಿಯ ಫೈಲ್ ಓಡಿಸುತ್ತವೆ, ಅದಕ್ಕೇ ಜನ ಇದನ್ನು ಮರೆತಿದ್ದಾರೆ. ಟಿವಿ ಬದಲಾಗಿದೆ, ನಮ್ಮೂರ ಕರೆಂಟ್ ಬದಲಾಗಿಲ್ಲ. 60 ಅಂದರೆ 50ಕ್ಕಿಂತ ಮೇಲು ಅನ್ನುವ ಲೆಕ್ಕ ಬಿಟ್ಟುಬಿಡಿ.

"ಆಮೇಲೆ ಕಂಪ್ಯೂಟರಲ್ಲಿ 50ಕ್ಕೆ ಬದಲಾಯಿಸಿದರಾಯ್ತು" ಅಂತ ಒಬ್ಬರು ಬರೆದಿದ್ದಾರೆ. ತಮ್ಮಾ, ಹಾಗೆ ಗೊತ್ತಿಲ್ಲದೆ ಹೇಳಬೇಡ. ಮಿಟುಕು ಚಿತ್ರದೊಳಗೇ ಕೂತುಬಿಟ್ಟಿರುತ್ತೆ, ಫ್ರೇಮ್ ಎಣಿಕೆ ಬದಲಾಯಿಸಿದರೆ ಹೋಗಲ್ಲ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ತಂತ್ರಾಂಶದ ದುಡ್ಡು ಕೊಡುವ ಆವೃತ್ತಿಯಲ್ಲಿ ಮಿಟುಕು ತೆಗೆಯುವ ಸೌಲಭ್ಯ ಇದೆ. ನನ್ನ ಫೈಲನ್ನು ಅದರಲ್ಲೂ ಹಾಕಿ ನೋಡಿದೆ. ಪಾತ್ರ ಸುಮ್ಮನೆ ನಿಂತಾಗ ಚೆನ್ನಾಗಿ ಬಂತು. ಕುಣಿಯೋಕೆ ಶುರು ಮಾಡಿದರೆ ಭುಜಕೀರ್ತಿಯೆಲ್ಲ ಕಲಸಿದ ಹಾಗಾಯ್ತು.

ಈಗಾಗಲೇ ಕೊಂಡಾಗಿದೆ ಅಂದರೆ ಒಂದು ದಾರಿ ಇದೆ. ಶಟರ್ ಅನ್ನು, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬಿಡುವ ಹೊತ್ತನ್ನು, ಕೈಯಿಂದ ಸೆಕೆಂಡಿನ 1/100ಕ್ಕೆ ಇಡಿ. ಆಗ 60 ಫ್ರೇಮಿನಲ್ಲೂ ಒಂದೊಂದಕ್ಕೆ ಸರಿಯಾಗಿ ಒಂದೊಂದು ಮಿನುಗು ಸಿಗುತ್ತೆ. 30 ಫ್ರೇಮಿಗೆ ಇಳಿಸೋಕೆ ಬಂದರೆ 1/50 ಇಡಿ, ಅದು ಇನ್ನೂ ಒಳ್ಳೆಯದು. ಆದರೆ 1/60ರಿಂದ 1/100ಕ್ಕೆ ಹೋದರೆ ಬೆಳಕು ನೂರಕ್ಕೆ 40 ಪಾಲು ಕಡಿಮೆಯಾಗುತ್ತೆ, ರಾತ್ರಿ ಆಟದಲ್ಲಿ ಚಿತ್ರ ರವೆ ರವೆ ಆಗುತ್ತೆ. ಇನ್ನೊಂದು, ಕಡಿಮೆ ಬೆಲೆಯ ಹ್ಯಾಂಡಿಕ್ಯಾಮ್‌ಗಳಲ್ಲಿ ಶಟರ್ ಕೈಯಿಂದ ಇಡುವ ಸೌಲಭ್ಯ ಸಾಮಾನ್ಯವಾಗಿ ಇರುವುದೇ ಇಲ್ಲ. ಮೆನುವಿನಲ್ಲಿ ಎನ್‌ಟಿಎಸ್‌ಸಿ (ಅಮೆರಿಕದ 60ರ ಪದ್ಧತಿ)-ಪಾಲ್ ಬದಲಿಸುವ ಆಯ್ಕೆ ಇದೆಯಾ ಅಂತ ಬಾಮೈದರಿಗೆ ಅಂಗಡಿಯಲ್ಲೇ ನೋಡೋಕೆ ಹೇಳಿ. ಲೆನ್ಸ್ ಬದಲಿಸುವ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಇರುತ್ತೆ, ಮನೆಬಳಕೆಯ ಹ್ಯಾಂಡಿಕ್ಯಾಮ್‌ಗೆ ಬಹುಪಾಲು ಇರಲ್ಲ. ಸೋನಿಯ ಕೆಲವು ಲೆನ್ಸ್ ಕ್ಯಾಮೆರಾಗಳಲ್ಲಿ ಇದನ್ನು ಬದಲಿಸಿದರೆ ಕಾರ್ಡ್ ಮತ್ತೆ ಫಾರ್ಮ್ಯಾಟ್ ಮಾಡು ಅನ್ನುತ್ತೆ, ಮದುವೆ ಮನೆಯಲ್ಲಿ ಹೋಗಿ ಬದಲಿಸಬೇಡಿ.

50ರ ಕ್ಯಾಮೆರಾ ಆದರೂ ನೂರಕ್ಕೆ ನೂರು ಕ್ಷೇಮ ಅಲ್ಲ. ಆಟೋದಲ್ಲಿ ಬಿಟ್ಟರೆ ಬೆಳಕು ಜಾಸ್ತಿ ಆದಾಗ ಅದು ಶಟರನ್ನು 1/120, 1/200 ಅಂತ ಏರಿಸುತ್ತೆ, ಮತ್ತೆ ಮಿಟುಕು. ಹಾಗಾಗಿ 1/50ಕ್ಕೆ ಕಟ್ಟಿಹಾಕಿ. ಜಾತ್ರೆಯಲ್ಲಿ ಜನರೇಟರ್ ಓಡುತ್ತಿದ್ದರೆ ಅದು ಸರಿಯಾಗಿ 50 ಕೊಡಲ್ಲ, ಲೋಡ್ ಬಿದ್ದಾಗ ಇಳಿಯುತ್ತೆ, ತೆಳುವಾದ ಪಟ್ಟಿ ನಿಧಾನಕ್ಕೆ ಹರಿಯಬಹುದು. ಎಲ್‌ಇಡಿ ಬಲ್ಬುಗಳದ್ದು ಒಂದೊಂದಕ್ಕೆ ಒಂದೊಂದು ನಡವಳಿಕೆ. ಒಳ್ಳೆಯ ಡ್ರೈವರ್ (ಬಲ್ಬಿನೊಳಗೆ ಕರೆಂಟ್ ಹದ ಮಾಡುವ ಭಾಗ) ಇದ್ದದ್ದು ಮಿಟುಕಲ್ಲ, ಅಗ್ಗದ ಸೀರಿಯಲ್ ಸೆಟ್ ಬಹಳ ಕೆಟ್ಟದಾಗಿ ಮಿಟುಕುತ್ತೆ. ನಾನು ಈಗ ಎಲ್ಲಿ ಹೋದರೂ ಮೊದಲು ಮಾಡುವ ಕೆಲಸ ಇದು: ಫೋನನ್ನು ಸ್ಲೋ ಮೋಷನ್‌ಗೆ, 240 ಫ್ರೇಮಿಗೆ ಇಟ್ಟು ಪ್ರತಿಯೊಂದು ದೀಪದ ಕಡೆ ಹತ್ತು ಸೆಕೆಂಡ್ ಹಿಡಿಯುತ್ತೇನೆ. ಮಿಟುಕುವ ದೀಪ ತಕ್ಷಣ ಗೊತ್ತಾಗುತ್ತೆ. ಲೈಟಿಂಗ್ ಹುಡುಗನಿಗೆ ಒಂದು ಚಹಾ ಕುಡಿಸಿ, ಅದೊಂದನ್ನು ಆರಿಸು ಅಥವಾ ಆ ಕಡೆ ತಿರುಗಿಸು ಅಂತ ಕೇಳಿದರೆ ಮಾಡುತ್ತಾನೆ. ಸಂಜೆ ಆರಕ್ಕೇ ಹೋಗಿ ಕೇಳಬೇಕು. ಗಣಸ್ತುತಿ ಶುರುವಾದ ಮೇಲೆ ಯಾರೂ ಕೇಳಿಸಿಕೊಳ್ಳಲ್ಲ.

ಹಾಗಾದರೆ ಯಾವುದು ತಗೊಳ್ಳಬೇಕು? ಹೊರಗಿನ ಮೈಕ್ ಸಿಕ್ಕಿಸುವ ಜಾಗ ಇಲ್ಲದ್ದು ಬೇಡ. ಸೋನಿ ಸಿಎಕ್ಸ್405 ನೋಡೋಕೆ ಚೆಂದ, ಹಗುರ, ಹಗಲಲ್ಲಿ ಚಿತ್ರ ಚೆನ್ನಾಗಿದೆ. ಆದರೆ ಅದರ ಸೆನ್ಸರ್ (ಬೆಳಕು ಹಿಡಿಯುವ ಚಿಪ್) 1/5.8 ಇಂಚು, ಕಡ್ಲಿಬೇಳೆಗಿಂತ ಸಣ್ಣದು. ರಾತ್ರಿ ಆಟಕ್ಕೆ ಅದರಿಂದ ಆಗಲ್ಲ. ಸ್ವಲ್ಪ ದುಡ್ಡು ಕೂಡಿಸಿ ಸೋನಿ ಎಎಕ್ಸ್53 ಸೆಕೆಂಡ್ ಹ್ಯಾಂಡ್ ಹುಡುಕಿ. ಇಲ್ಲೇ ಕೊಂಡದ್ದು, ಬಿಲ್ ಇರುವುದು. ಕೈಯಲ್ಲಿ ಹಿಡಿದು ನಡೆದರೂ ಅಲುಗಾಡದಂತೆ ತಡೆಯುವುದರಲ್ಲಿ ಅದನ್ನು ಮೀರಿಸಿದ ಹ್ಯಾಂಡಿಕ್ಯಾಮ್ ನಾನು ಹಿಡಿದಿಲ್ಲ. ಮೈಕ್ ಜಾಗ ಇದೆ, ಹೆಡ್‌ಫೋನ್ ಜಾಗವೂ ಇದೆ. ಮುಖದ ಬಣ್ಣಕ್ಕೆ ನನ್ನ ಕಣ್ಣಿಗೆ ಕ್ಯಾನನ್ ಇಷ್ಟ, ಅರಿಶಿನ ಹಚ್ಚಿದ ಮದುಮಗಳ ಮುಖ ಅದರಲ್ಲಿ ಹಸಿರಿಗೆ ತಿರುಗಲ್ಲ. ಲೆನ್ಸ್ ಬದಲಿಸುವ ಕ್ಯಾಮೆರಾ ಬೇಕು ಅನ್ನುವವರು ಒಂದು ಮಾತು ನೆನಪಿಡಿ. ಹಳೆಯ ಮಾಡೆಲ್‌ಗಳು 29 ನಿಮಿಷ 59 ಸೆಕೆಂಡಿಗೆ ನಿಂತುಬಿಡುತ್ತವೆ. 30 ನಿಮಿಷ ದಾಟಿದರೆ ಯುರೋಪಿನ ಸುಂಕದ ಲೆಕ್ಕದಲ್ಲಿ ಅದು ವಿಡಿಯೋ ಕ್ಯಾಮೆರಾ ಆಗುತ್ತಿತ್ತು, ಅದಕ್ಕೆ ಕಂಪನಿಗಳು ಹಾಗೆ ಮಾಡಿದ್ದವು. ಎಂಟು ಗಂಟೆಯ ಆಟಕ್ಕೆ ಅದು ದೊಡ್ಡ ಕಾಟ.

ಝೂಮ್ 1500 ಎಕ್ಸ್ ಅಂತ ಬರೆದಿದ್ದೀರಿ. ಅದು ಡಿಜಿಟಲ್, ಚಿತ್ರವನ್ನು ಕತ್ತರಿಸಿ ಎಳೆಯುವುದು ಅಷ್ಟೆ. ಮೆನುವಿನಲ್ಲಿ ಮೊದಲ ದಿನವೇ ಆಫ್ ಮಾಡಿ. ಲೆನ್ಸಿನಿಂದಲೇ ಆಗುವ ಆಪ್ಟಿಕಲ್ ಝೂಮ್ 20 ಎಕ್ಸ್ ಇದ್ದರೆ ಧಾರಾಳ.

ಧ್ವನಿಯ ಬಗ್ಗೆ ಯಾರೂ ಕೇಳಿಲ್ಲ, ಅದೇ ನನಗೆ ಬೇಜಾರು. ದೊಡ್ಡಾಟ ಅಂದರೆ ಅರ್ಧ ಹಾಡು ಮಾತು ಅಲ್ವಾ? ಕ್ಯಾಮೆರಾ ದೂರದಲ್ಲಿ ನಿಂತು ಹಾರ್ನ್ ಸ್ಪೀಕರಿನ ಗದ್ದಲ ಹಿಡಿಯುತ್ತೆ. ಮದ್ದಳೆ ಪೆಟ್ಟು ಬಿದ್ದ ಕೂಡಲೇ ಆಟೋ ಲೆವೆಲ್ ಧ್ವನಿ ಇಳಿಸುತ್ತೆ, ಪಾತ್ರಗಳನ್ನು ಮಾತನಾಡಿಸುವ ಸಾರಥಿಯ ಮಾತು ಮುಳುಗುತ್ತೆ. ಒಂದು ಸಣ್ಣ ರೆಕಾರ್ಡರ್ ತಗೊಳ್ಳಿ, ಝೂಮ್ ಕಂಪನಿಯ ಎಚ್1 ಸಾಲಿನದು ಅಥವಾ ಟಾಸ್ಕಮ್. ಹಿಮ್ಮೇಳದ ಹಾರ್ಮೋನಿಯಂನಿಂದ ಎರಡು ಮೊಳ ದೂರದಲ್ಲಿ ದಪ್ಪ ಟವೆಲ್ ಮಡಿಸಿ ಅದರ ಮೇಲೆ ಇಡಿ, ಅಟ್ಟದ ಹಲಗೆಯ ಧಡಧಡ ಏರಿ ಬರಲ್ಲ. ಲೆವೆಲ್ ಆಟೋ ಬೇಡ. ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆಯಿರಿ, ಆಮೇಲೆ ಚಿತ್ರಕ್ಕೆ ಧ್ವನಿ ಕೂಡಿಸೋಕೆ ಅದೇ ಗುರುತು. ಎರಡು ಯಂತ್ರದ ಗಡಿಯಾರ ಒಂದೇ ವೇಗದಲ್ಲಿ ಓಡಲ್ಲ, ಬೆಳಗಿನ ಹೊತ್ತಿಗೆ ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತೆ. ಗಂಟೆಗೊಂದು ಸಲ ಚಪ್ಪಾಳೆ ಹೊಡೆದುಬಿಡಿ. ಮೈಕ್ ಸೆಟ್‌ನವರ ಆಂಪ್ಲಿಫೈಯರಿನಿಂದ ನೇರ ವೈರ್ ಎಳೆಯುತ್ತೇನೆ ಅನ್ನುವವರೇ, ಆ ಸಿಗ್ನಲ್ ರೆಕಾರ್ಡರಿನ ಮೈಕ್ ಜಾಗಕ್ಕೆ ವಿಪರೀತ ಜೋರು, ನಡುವೆ ತಗ್ಗಿಸುವ ವೈರ್ ಇಲ್ಲದೆ ಹಾಕಬೇಡಿ, ಎಲ್ಲ ಹರಿದ ಧ್ವನಿ ಬರುತ್ತೆ.

ಟ್ರೈಪಾಡ್ ಅಟ್ಟದ ಮೇಲೆ ಇಡಬೇಡಿ, ಕುಣಿತಕ್ಕೆ ಅದೂ ಕುಣಿಯುತ್ತೆ. ನೆಲದ ಮೇಲೆ ಇಟ್ಟು ನಡುವಿನ ಕೊಕ್ಕೆಗೆ ಐದು ಕೆಜಿ ಜೋಳದ ಚೀಲ ತೂಗುಹಾಕಿ. ಟ್ರೈಪಾಡ್ ಮೇಲಿದ್ದಾಗ ಸ್ಟೆಡಿಶಾಟ್ (ಅಲುಗಾಟ ತಡೆಯುವ ಸೌಲಭ್ಯ) ಆಫ್. ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಎಕ್ಸ್‌ಪೋಷರ್ (ಬೆಳಕಿನ ಹದ) ಎರಡೂ ಲಾಕ್ ಮಾಡಿ, ಇಲ್ಲದಿದ್ದರೆ ಕಿರೀಟದ ಕನ್ನಡಿ ಹೊಳೆದಾಗಲೆಲ್ಲ ಮುಖ ಕಪ್ಪಾಗುತ್ತೆ.

ಕಾರ್ಡ್ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಎವಿಸಿಎಚ್‌ಡಿ ಅನ್ನುವ ರೆಕಾರ್ಡಿಂಗ್ ಮಾದರಿಯಲ್ಲಿ 24 ಎಂಬಿಪಿಎಸ್ (ಸೆಕೆಂಡಿಗೆ 24 ಮೆಗಾಬಿಟ್) ಇಟ್ಟರೆ ಗಂಟೆಗೆ ಸುಮಾರು 11 ಜಿಬಿ, ಎಂಟು ಗಂಟೆಗೆ 86 ಜಿಬಿ. ಎಕ್ಸ್‌ಎವಿಸಿ ಎಸ್ ಅನ್ನುವ ಇನ್ನೊಂದು ಮಾದರಿಯಲ್ಲಿ 50 ಎಂಬಿಪಿಎಸ್ ಇಟ್ಟರೆ ಅದರ ಎರಡರಷ್ಟು. ಸ್ಯಾನ್‌ಡಿಸ್ಕ್ ಹೆಸರಲ್ಲಿ ನಕಲಿ ಕಾರ್ಡ್ ಬಹಳ ಬರುತ್ತಿವೆ. ಕೊಂಡ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪುಕ್ಕಟೆ ತಂತ್ರಾಂಶದಲ್ಲಿ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿ. ಇನ್ನೊಂದು ತಪ್ಪು ಇಲ್ಲಿ ಎಲ್ಲರೂ ಮಾಡುತ್ತಾರೆ. ಎವಿಸಿಎಚ್‌ಡಿ ಉದ್ದ ರೆಕಾರ್ಡಿಂಗನ್ನು ಎರಡು ಅಥವಾ ನಾಲ್ಕು ಜಿಬಿಗೊಂದು ತುಂಡು ಮಾಡುತ್ತೆ. ಬರೀ ಆ ತುಂಡುಗಳ ಎಂಟಿಎಸ್ ಫೈಲ್ ಎಳೆದುಕೊಂಡು ಎಡಿಟಿಂಗಿನಲ್ಲಿ ಜೋಡಿಸಿದರೆ ಜೋಡಿಸಿದ ಜಾಗದಲ್ಲಿ ಧ್ವನಿ ಕಟ್ ಅನ್ನುತ್ತೆ, ಸರಿಯಾಗಿ ಪದದ ನಡುವೆ. ಕಾರ್ಡಿನ ಪೂರ್ತಿ ಫೋಲ್ಡರ್ ಹಾಗೇ ನಕಲು ಮಾಡಿ, ಕಂಪನಿಯ ತಂತ್ರಾಂಶದಿಂದಲೇ ಜೋಡಿಸಿ. ಎರಡು ಬೇರೆ ಹಾರ್ಡ್ ಡಿಸ್ಕಿಗೆ ಹಾಕುವ ತನಕ ಕಾರ್ಡ್ ಅಳಿಸಬೇಡಿ.

ಬಿಸಿಲು, ಧೂಳು. ಈ ಕ್ಯಾಮೆರಾಗಳ ಪುಸ್ತಕದಲ್ಲಿ 40 ಡಿಗ್ರಿವರೆಗೆ ಅಂತ ಬರೆದಿರುತ್ತೆ, ನಮ್ಮ ರಾಯಚೂರು ಬಳ್ಳಾರಿ ಏಪ್ರಿಲಿನಲ್ಲಿ ಅದನ್ನು ದಾಟುತ್ತೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬ್ಯಾಟರಿ ಬಿಡಬೇಡಿ. ಬಿಳಿ ಬಟ್ಟೆ ಹೊದಿಸಿ, ನೆರಳಲ್ಲಿಡಿ. ಸಂಡೂರು ದಾರಿಯ ಕೆಂಪು ಧೂಳು ಕೂತಾಗ ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತೆ. ಮೊದಲು ರಬ್ಬರ್ ಬ್ಲೋವರಿನಿಂದ ಊದಿ. ಕೊಪ್ಪಳ ಗವಿಮಠದ ತೇರು ತೆಗೆಯುವವರು ಲೆನ್ಸ್ ಮುಂದೆ ಒಂದು ಯುವಿ ಫಿಲ್ಟರ್ ಹಾಕಲೇಬೇಕು, ತೇರಿಗೆ ಎಸೆದ ಉತ್ತತ್ತಿ ಯಾವ ಕಡೆಯಿಂದ ಬರುತ್ತೆ ಹೇಳೋಕಾಗಲ್ಲ.

ಅಣ್ಣಾರೇ, ಇವತ್ತು ರಾತ್ರಿಯೇ ಬಾಮೈದರಿಗೆ ಫೋನ್ ಮಾಡಿ, ಅಲ್ಲಿ ಆಗ ಬೆಳಗ್ಗೆ ಇರುತ್ತೆ. ಕೊಂಡಿಲ್ಲ ಅಂದರೆ ಬೇಡ ಅನ್ನಿ, ಅದರ ಬದಲು ರೆಕಾರ್ಡರ್ ತರಿಸಿ, ಅದಕ್ಕೆ 50-60ರ ಕಾಟ ಇಲ್ಲ. ಕೊಂಡಾಗಿದೆ ಅಂದರೆ ಬಂದ ಕೂಡಲೇ ಅಡುಗೆಮನೆಯ ಟ್ಯೂಬ್‌ಲೈಟ್ ಕೆಳಗೆ ಒಂದು ನಿಮಿಷ ಆಟೋದಲ್ಲಿ, ಒಂದು ನಿಮಿಷ 1/100ರಲ್ಲಿ ತೆಗೆದು ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.